ತೊಳೆದವರ ಹೆಸರು

"ಸರ್, ನೀವು ಹೇಳಿದ್ದ ಖರೇ ಅದರಿ!" ಎನ್ನುತ್ತ ಗಾರ್ಗಿ ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚುವುದನ್ನೇ ಮರೆತು ಒಳಗೆ ಬಂದಳು. ಮೇಜಿನ ಮೇಲೆ ಹುರುಳಿಕಾಯಿ ಹೆಚ್ಚುತ್ತಿದ್ದ ವೇದವತಿ ತಟ್ಟೆಯನ್ನು ಬದಿಗೆ ಸರಿಸಿ ಅವಳ ಲ್ಯಾಪ್‌ಟಾಪಿಗೆ ಜಾಗ ಮಾಡಿಕೊಟ್ಟರು. ಗಂಡನ ಹಳೇ ಶಿಷ್ಯೆ, ಧಾರವಾಡದ ಈ ಹುಡುಗಿ, ಬರ್ಕ್ಲಿಯ ಲ್ಯಾಬಿನಿಂದ ಸ್ಯಾನ್ ಮಟಿಯೋವರೆಗೆ, ಬ್ರಿಜ್ಜಿನ ಆ ಟ್ರಾಫಿಕ್ಕಿನಲ್ಲಿ, ಒಂದು ಫೋನೂ ಮಾಡದೆ ಓಡಿ ಬಂದಿದ್ದಾಳೆಂದರೆ ಸುದ್ದಿ ದೊಡ್ಡದೇ ಇರಬೇಕು.

ದೊಡ್ಡದೇ. ಬೈಬಲ್ಲಿನಲ್ಲಿ ಒಂದು ಗಡಿ ಊರಿನ ಹೆಸರು ಬರುತ್ತದೆ. ಎರಡು ಪುಟ್ಟ ರಾಜ್ಯಗಳು ಕಿತ್ತಾಡಿಕೊಂಡ ಊರು. ಅದು ಇದ್ದದ್ದೆಲ್ಲಿ ಎಂದು ಯಾರಿಗೂ ಖಚಿತವಿರಲಿಲ್ಲ. ವೇದವತಿಯ ಗಂಡ ತಿರುಮಲೇಶ ಮೂವತ್ತಾರು ವರ್ಷದ ಹಿಂದೆ ಆ ಸೀಮೆಗೆ ಹೋಗಿ, ಒಂದು ದಿಬ್ಬ ಅಗೆದು, "ಇಲ್ಲೇ" ಎಂದರು. ಪುರಾವೆ ಎಲ್ಲಪ್ಪಾ ಎಂದು ಪಂಡಿತರು ನಕ್ಕರು. ಸಿಗಬೇಕಿದ್ದ ಯೂನಿವರ್ಸಿಟಿ ಕೆಲಸ ಕೈತಪ್ಪಿತು. ಕಮ್ಯುನಿಟಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ರಿಟೈರ್ ಆದರು. ಮನುಷ್ಯ ಬಲು ಮೆತ್ತಗೆ. ಆ ಊರಿನ ಮಾತು ಬಂದರೆ ಮಾತ್ರ ಒಂದಿಂಚೂ ಜಗ್ಗುವವರಲ್ಲ.

"ನಿಮ್ಮ ಹಳೇ ಡಬ್ಬಿಯೊಳಗಿನ ಮಡಕೆ ಚೂರುಗಳ್ನ ಹೊಸಾ ಕ್ಯಾಮೆರಾದಾಗ ತಗದೆವ್ರಿ, ಕಣ್ಣಿಗೆ ಕಾಣದ ಬೆಳಕಿನ್ಯಾಗ. ಈ ಚೂರು ನೋಡ್ರಿ, ಶಾಯಿಲೆ ಬರ್ದಾರ. ಊರಬಾಗಿಲು ಕಾಯೋರ ಹೆಸರು, ಮ್ಯಾಲೆ ಊರಿನ ಹೆಸರು! ನಾಕು ಅಕ್ಷರದಾಗ ಮೂರು ಉಳದಾವ."

ತಿರುಮಲೇಶ ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು. ಬಲದಿಂದ ಎಡಕ್ಕೆ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ಎಪ್ಪತ್ತೆರಡರ ಮನುಷ್ಯ ಎಳೆ ಹುಡುಗನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ವೇದವತಿ ಅವರ ಬೆನ್ನು ಸವರಲೆಂದು ಹತ್ತಿರ ಹೋದರು.

"ಆದ್ರ ಇಲ್ಲಿ ನೋಡ್ರಿ," ಎಂದು ಗಾರ್ಗಿ ಚಿತ್ರವನ್ನು ದೊಡ್ಡದು ಮಾಡಿದಳು. ಅಕ್ಷರಗಳ ಮೇಲೆಲ್ಲ ಸುತ್ತುಸುತ್ತಾಗಿ ಸಣ್ಣ ಗೀರುಗಳು. "ಯಾವ ಪುಣ್ಯಾತ್ಮರು ಹಿಂಗ ತಿಕ್ಕ್ಯಾರೋ ಏನೋ! ಮೊದ್ಲ ನೀರಾಗ ಅದ್ದಿ ಶಾಯಿ ಅದ ಏನು ಅಂತ ನೋಡಿ, ಆಮ್ಯಾಲೆ ಬ್ರಷ್ ಹಚ್ಚಬೇಕು. ಅವತ್ತು ಬರೇ ಅದ್ದಿ ನೋಡಿದ್ರ ಅವತ್ತೇ ಸಿಗ್ತಿತ್ರಿ ಊರು."

ಬೆನ್ನಿಗೆ ಹೋಗಬೇಕಿದ್ದ ಕೈ ಅಲ್ಲೇ ನಿಂತಿತು. ಆ ಗೀರುಗಳು ಯಾರವೆಂದು ವೇದವತಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಗೆತದ ಆ ಬೇಸಿಗೆ ಜನ ಸಾಲದೆ ಅವರೂ ಚೂರು ತೊಳೆಯಲು ಬಕೆಟ್ಟಿನ ಮುಂದೆ ಕೂತಿದ್ದರು. ಮದುವೆಯಾಗಿ ಎರಡು ವರ್ಷ, ಅತ್ತೆಯ ಕೈಕೆಳಗೆ ಪಳಗಿದ ಸೊಸೆ. ಪಾತ್ರೆಯಲ್ಲಿ ಒಲೆಯ ಕರಿ ಒಂದಿಷ್ಟು ಉಳಿದರೂ ಅತ್ತೆ ಒಳಗೆ ಸೇರಿಸುತ್ತಿರಲಿಲ್ಲ. ಅದ್ದಿ ನೋಡಬೇಕೆಂದು ಅವರಿಗೆ ಹೇಳಿದವರಿಲ್ಲ. ಮೈಸೂರಿನಿಂದ ತಂದಿದ್ದ ತೆಂಗಿನ ನಾರು ಹಿಡಿದು, ಹಟ ಮಾಡುತ್ತಿದ್ದ ಒಂದು ಚೂರನ್ನು ಗುಂಡಗೆ, ಗುಂಡಗೆ ಉಜ್ಜಿದ್ದರು. ಕರಿಯೆಲ್ಲ ಹೋಗಿ ಅದು ಲಕಲಕ ಎಂದಾಗ ಖುಷಿಯೂ ಪಟ್ಟಿದ್ದರು. ಇಷ್ಟು ವರ್ಷ ಗಂಡನ ಸೋಲಿಗೆ ಕಂಡಕಂಡ ಪಂಡಿತರನ್ನೆಲ್ಲ ಬೈದಿದ್ದಾಯಿತು. ಸೋಲಿಸಿದ್ದು ಈ ಕೈ. ವೇದವತಿ ಅದನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡರು.

ಗಾರ್ಗಿ ಚೀಲದಿಂದ ಅಗೆತದ ರಿಜಿಸ್ಟರಿನ ಒಂದು ನಕಲು ಹಾಳೆ ತೆಗೆದಳು. "ಪೇಪರ್ ಕಳಸಬೇಕಂದ್ರ ಶಾಯಿ ಹೆಂಗ ಹೋತು ಅಂತನೂ ಬರೀಬೇಕ್ರಿ. ಜುಲೈ ಹನ್ನೊಂದಕ್ಕ ತೊಳದ ಚೂರು ಇದು. ರಿಜಿಸ್ಟರ್‌ನಾಗ ಅಗೆದವ್ರ ಹೆಸರು ಅದ, ತೊಳೆದವ್ರ ಹೆಸರು ಖಾಲಿ. ಯಾರಂತ ನೆನಪದ ಏನ್ರಿ ಸರ್?"

ಜೊತೆಗೆ ಬಂದ ಹೆಂಡತಿಯರ ಹೆಸರನ್ನು ಆಗ ಯಾರೂ ಬರೆಯುತ್ತಿರಲಿಲ್ಲ. ತಿರುಮಲೇಶ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು, ತೋಳಿನೊಳಗೆ ಅಡಗಿದ ಕೈ ನೋಡಿದರು.

"ನಾನೇ ತೊಳೆದಿದ್ದು," ಎಂದರು.

"ನೀವಾ? ನಮಗ ಅದ್ದಿ ನೋಡ್ರಿ, ಅದ್ದಿ ನೋಡ್ರಿ ಅಂತ ಜೀವಾ ತಿಂದೋರು ನೀವಲ್ಲೇನ್ರಿ ಸರ್!"

"ಅವತ್ತು ಏನೋ ಅವಸರದಲ್ಲಿದ್ದೆ ಕಣಮ್ಮ. ಪೆನ್ ಕೊಡು."

ಕೊಟ್ಟಳು. ಅವರು ಖಾಲಿ ಜಾಗದಲ್ಲಿ ತಮ್ಮ ಹೆಸರು ಬರೆದರು. ಅಗೆತದ ಪುಸ್ತಕದಲ್ಲಿ ಒಂದು ಗೋಡೆಯ ಅಳತೆಯನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಬರೆಯದ ಮನುಷ್ಯ! ಜುಲೈ ಹನ್ನೊಂದು ವೇದವತಿಗೆ ಚೆನ್ನಾಗಿ ನೆನಪಿತ್ತು. ಬೆಳಕು ಹರಿಯುವ ಮೊದಲೇ ವೀಸಾ ಕೆಲಸಕ್ಕೆಂದು ಪಟ್ಟಣಕ್ಕೆ ಹೋದವರು ಇವರು, ಬಂದದ್ದು ಸಂಜೆ, ಒಂದು ಚೀಲ ಟೊಮೇಟೊ ಹಿಡಿದು. ಚಾಪೆಯ ಮೇಲೆ ಒಣಹಾಕಿದ್ದ ಚೂರುಗಳನ್ನು ನೋಡಿ, "ಎಷ್ಟು ಚೆನ್ನಾಗಿ ತೊಳೆದಿದ್ದೀಯೇ ವೇದಾ" ಎಂದಿದ್ದರು.

ವೇದವತಿಯ ಕಣ್ಣು ತುಂಬಿ ಬಂತು. ಈ ಮನುಷ್ಯನ ಮೇಲೆ ಅವರಿಗೆ ಯಾವತ್ತೂ ಇಷ್ಟು ಪ್ರೀತಿ ಉಕ್ಕಿರಲಿಲ್ಲ, ಇಷ್ಟು ಸಿಟ್ಟೂ ಬಂದಿರಲಿಲ್ಲ. ಸ್ವೆಟರಿನಿಂದ ಕೈ ಹೊರತೆಗೆದು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಗಂಡನ ಹೆಸರಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ನಿಧಾನವಾಗಿ, ಗುಂಡಗಿನ ಕನ್ನಡ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದರು.

"ವೇದಾ, ಏನಿದು..." ಎಂದರು ತಿರುಮಲೇಶ.

"ಸುಮ್ನಿರಿ," ಎಂದರು ವೇದವತಿ. "ಅವತ್ತು ಆ ಊರಲ್ಲಿ ನೀವಿರಲಿಲ್ಲ. ನಾನಿದ್ದೆ."