ಮೂರು ಗಂಟೆಯ ರೈಲು

ಹೊಳೆದಂಡೆಯಲ್ಲಿ ಅಣಬೆ ಆಯುತ್ತಿದ್ದಾಗ ಗುಡ್ಡ ಜರಿಯಿತು. ಉರುಳಿ ಬಂದ ಬಂಡೆಯಡಿ ಟೊಮೆಯ ಎರಡೂ ಕಾಲು ಸಿಕ್ಕಿಕೊಂಡವು. ಅವಳ ಗಂಡ, ಮುದುಕ ಗೆನ್‌ಸಾಕು, ಮರದ ಕೊಂಬೆ ಕೊಟ್ಟು ಮೀಟಿದ, ಹೆಗಲು ಕೊಟ್ಟು ನೂಕಿದ. ಬಂಡೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಊರಿನ ದಾರಿ ಮಣ್ಣಲ್ಲಿ ಮುಚ್ಚಿಹೋಗಿತ್ತು. ಜಪಾನಿನ ಆ ಕಣಿವೆಯಲ್ಲಿ ಫೋನು ಸಿಗುವುದು ಮೊದಲೇ ಇಲ್ಲ.

“ನನ್ನ ಬಿಟ್ಟು ನಡೀರಿ,” ಅಂದಳು ಟೊಮೆ. ಅವಳ ತುಟಿ ಬಿಳಿಚಿಕೊಂಡಿತ್ತು.

“ಬಾಯ್ಮುಚ್ಚು. ಮೂರು ಗಂಟೆ ರೈಲು ಬರುತ್ತೆ. ಇವತ್ತಿಗೆ ಅದೇ ಕೊನೇದು.”

ರೈಲು ಬಂತು. ಹೊಳೆಯಾಚೆ, ಕೆಂಪೇರಿದ ಮೇಪಲ್ ಮರಗಳ ನಡುವೆ, ತೆರೆದ ಬೋಗಿಗಳ ತುಂಬ ಪ್ರವಾಸಿಗರು. ಮುದುಕ ನೀರಿನ ಅಂಚಿಗೆ ಓಡಿ ಎರಡೂ ಕೈಯೆತ್ತಿ ಹುಚ್ಚನಂತೆ ಬೀಸಿದ, ಕೂಗಿದ. ಕೂಗನ್ನೆಲ್ಲ ಹೊಳೆಯ ಮೊರೆತ ನುಂಗಿತು.

“ಕಂಡರೇನ್ರೀ?”

“ಕಂಡರು ಕಣೇ! ರೈಲು ನಿಧಾನ ಮಾಡ್ತಿದಾರೆ! ಎಲ್ಲರೂ ಇತ್ತಲೇ ನೋಡ್ತಿದಾರೆ!”

ಟೊಮೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಆಗ ರೈಲಿನ ಧ್ವನಿವರ್ಧಕ ಗೊರಗುಟ್ಟಿತು. ಊರಿಗೆ ನಾಲ್ಕು ಜನ ಬರಲಿ ಎಂದು ಹೋದ ವರ್ಷ ಮುದುಕನೇ ರೈಲಿನವರಿಗೆ ಮುದ್ರಿಸಿಕೊಟ್ಟಿದ್ದ ತನ್ನದೇ ದನಿ ಅದು: “ಫೋಟೊ ತೆಗೆಯಲೆಂದು ರೈಲು ಇಲ್ಲಿ ನಿಧಾನವಾಗುತ್ತದೆ. ಹೊಳೆಯಾಚೆ ನೋಡಿ, ನಮ್ಮೂರಿನವರು ಕೆಲಸ ಬಿಟ್ಟು ಬಂದು ಕೈ ಬೀಸಿ ನಿಮ್ಮನ್ನು ಬರಮಾಡಿಕೊಳ್ಳುತ್ತಿದ್ದಾರೆ. ದಯವಿಟ್ಟು ನೀವೂ ಕೈ ಬೀಸಿ.”

ಇಡೀ ರೈಲು ನಗುನಗುತ್ತಾ ಕೈ ಬೀಸಿ ಸುರಂಗ ಹೊಕ್ಕಿತು.