ಈರುಳ್ಳಿ ಪೊರೆಯ ಚಿತ್ರ

"ಎಲ್ಲಾರದೂ ಗ್ವಾಡಿ ಕಟ್ಟಿದಂಗ ಐತಿ. ನಿಂದೊಂದು ಯಾಕ ಹಿಂಗೈತಿ?"

ಇನ್‌ಸ್ಪೆಕ್ಟರ್ ವಿರೂಪಾಕ್ಷಪ್ಪನವರು ಉಚ್ಚೆಂಗೆಮ್ಮನ ನೋಟುಪುಸ್ತಕವನ್ನು ಎತ್ತಿ ಹಿಡಿದಾಗ ಒಂಬತ್ತನೇ ತರಗತಿಯೆಲ್ಲ ಹಿಂತಿರುಗಿ ನೋಡಿತು. ಕಿಟಕಿಯ ಬಳಿ ಸೂಕ್ಷ್ಮದರ್ಶಕದ ಪಕ್ಕ ನಿಂತಿದ್ದ ವಿಜ್ಞಾನದ ಮೇಷ್ಟ್ರು ತಿಪ್ಪೇರುದ್ರಪ್ಪನವರೂ ಕತ್ತು ಚಾಚಿ ನೋಡಿದರು. ಮಿಕ್ಕವರ ಪುಟಗಳಲ್ಲಿ ಈರುಳ್ಳಿ ಪೊರೆಯ ಜೀವಕೋಶಗಳು ಇಟ್ಟಿಗೆ ಜೋಡಿಸಿದಂತೆ ಸಾಲಾಗಿ ಕೂತಿದ್ದವು. ಈ ಹುಡುಗಿಯ ಪುಟದಲ್ಲಿ ಮಾತ್ರ ದಪ್ಪ ಕಪ್ಪು ಅಂಚಿನ ಗುಂಡು ಗುಂಡು ಆಕಾರಗಳು, ಒಂದು ದೊಡ್ಡದು, ಸುತ್ತ ನಾಲ್ಕಾರು ಸಣ್ಣವು.

"ಕಂಡಿದ್ದು ಕಂಡಂಗ ತಗದೀನ್ರಿ ಸಾರ್," ಎಂದಳು ಉಚ್ಚೆಂಗೆಮ್ಮ. "ಗಾಜಿನ ಬಳೆ ಚೆಲ್ಲಿದಂಗ ಇತ್ತು."

"ನಲವತ್ತೊಂದು ಮಂದಿಗೆ ಕಾಣದ್ದು ನಿನಗೊಬ್ಬಾಕಿಗೆ ಕಂಡ್ತೇನು?"

ಹುಡುಗರು ಕಿಸಕ್ಕೆಂದರು. ನಗುವುದಕ್ಕೇನು, ಅವರ ಚಿತ್ರಗಳೆಲ್ಲ ಹಿಂದಿನ ದಿನವೇ ಮುಗಿದಿದ್ದವು. ಮಕ್ಕಳು ಕೈಯಾರೆ ಮಾಡಿ ಕಲಿಯಬೇಕು ಎಂದು ಬಳ್ಳಾರಿಯಿಂದ ಸುತ್ತೋಲೆ ಬಂದಿತ್ತು, ಸರಿ. ಆದರೆ ಸಿರುಗುಪ್ಪದ ಈ ಶಾಲೆಯಲ್ಲಿ ಮಕ್ಕಳು ನಲವತ್ತೆರಡು, ಸೂಕ್ಷ್ಮದರ್ಶಕ ಒಂದು, ಪಿರಿಯಡ್ಡು ನಲವತ್ತು ನಿಮಿಷ. ಹಾಗಾಗಿ ಮೊದಲು ಚಿತ್ರ, ನೋಡುವುದು ಆಮೇಲೆ ಎಂಬುದೊಂದು ಪದ್ಧತಿ ತಾನಾಗಿ ಬೆಳೆದಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ಪುಸ್ತಕಕ್ಕೆ ನೀಟಾಗಿ ಇಳಿಸಿಕೊಳ್ಳುವುದು, ಮರುದಿನ ಸಾಲಿನಲ್ಲಿ ಬಂದು ಒಂದು ಗಳಿಗೆ ಕಣ್ಣಿಟ್ಟು ಮುಂದೆ ಹೋಗುವುದು. ಉಚ್ಚೆಂಗೆಮ್ಮ ನಿನ್ನೆ ಅವ್ವನ ಜೊತೆ ಭತ್ತದ ನಾಟಿಗೆ ಹೋಗಿದ್ದಳು. ಇವತ್ತು ಖಾಲಿ ಪುಟ ಹಿಡಿದುಕೊಂಡು ಬಂದವಳು ಕಣ್ಣಿಟ್ಟರೆ ತೆಗೆಯಲೇ ಇಲ್ಲ. ಹಿಂದಿದ್ದ ಹಾಲಸಿದ್ದಪ್ಪ ನೂಕಿದ ಮೇಲೆಯೇ ಜಾಗ ಬಿಟ್ಟಿದ್ದಳು.

ತಿಪ್ಪೇರುದ್ರಪ್ಪನವರು ಸೂಕ್ಷ್ಮದರ್ಶಕದೊಳಗೆ ಬಗ್ಗಿ ನೋಡಿದರು. ಬಳೆ ಚೆಲ್ಲಿದ ಹಾಗೆಯೇ ಇತ್ತು. ಬರೀ ಗಾಳಿಗುಳ್ಳೆ! ಇನ್‌ಸ್ಪೆಕ್ಟರ್ ಗಡಿಯಾರ ನೋಡುತ್ತ ಎದುರಿಗೆ ನಿಂತಿದ್ದರಿಂದ, ಪೊರೆಯ ಮೇಲಿನ ತೆಳು ಗಾಜನ್ನು ಓರೆಯಾಗಿ ಇಳಿಸುವ ಬದಲು ಅವಸರದಲ್ಲಿ ಚಪ್ಪಟೆಯಾಗಿ ಬಿಟ್ಟಿದ್ದರು. ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಜೀವಕೋಶದ ಸುಳಿವೇ ಇರಲಿಲ್ಲ. ನಲವತ್ತೊಂದು ಮಂದಿ ಈ ಗುಳ್ಳೆಗಳನ್ನೇ ನೋಡಿ, ಇಟ್ಟಿಗೆ ಗೋಡೆಯ ಚಿತ್ರವನ್ನು ಮುಂದಿಟ್ಟು ಸುಮ್ಮನೆ ಕೂತಿದ್ದರು. ಇಡೀ ತರಗತಿಯಲ್ಲಿ ವಿಜ್ಞಾನ ಕಲಿತವಳು ಒಬ್ಬಳೇ, ಅವಳು ತಲೆ ತಗ್ಗಿಸಿ ನಿಂತಿದ್ದಳು.

"ಏನ್ರಿ ಮೇಷ್ಟ್ರೆ, ನೀವು ಹಾಕಿದ್ದು ಸರಿ ಐತಿಲ್ಲೋ?"

ತಿಪ್ಪೇರುದ್ರಪ್ಪನವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. ಬಳ್ಳಾರಿಗೆ ವರ್ಗ ಕೋರಿದ ಅವರ ಅರ್ಜಿ ಇನ್‌ಸ್ಪೆಕ್ಟರ ಚೀಲದಲ್ಲಿತ್ತು. ಇವರು ಒಂದು ಒಳ್ಳೆಯ ಷರಾ ಬರೆದರೆ ಅದು ಮುಂದೆ ಸರಿಯುತ್ತಿತ್ತು. ಒಂಬತ್ತು ವರ್ಷಗಳಿಂದ ಅವರು ಬಳ್ಳಾರಿಯ ಗಾಂಧಿನಗರದ ಮನೆಯಿಂದ ನಸುಕಿಗೆ ಹೊರಟು, ಬಸ್ಸಿನಲ್ಲಿ ಜೋತಾಡಿ, ಕತ್ತಲಾದ ಮೇಲೆ ವಾಪಸ್ಸಾಗುತ್ತಿದ್ದರು. ಎಚ್ಚರವಿದ್ದ ಮಗಳ ಮುಖ ನೋಡುವುದು ಭಾನುವಾರ ಮಾತ್ರ. ಬೆಳಿಗ್ಗೆ ತಾನೇ ಜೊತೆಯ ಹುಲುಗಪ್ಪ ಮೇಷ್ಟ್ರು, "ಗಾಳಿ ಬಂದಾಗ ತೂರ್ಕೊಂಡು ಬಿಡ್ರಿ," ಎಂದಿದ್ದರು.

"ಸರಿ ಐತ್ರಿ ಸಾರ್. ಈ ಹುಡುಗಿ ನಿನ್ನಿ ಸಾಲಿಗೆ ಬಂದಿಲ್ರಿ. ಅದಕ್ಕ ಗೊತ್ತಾಗಿಲ್ಲ."

ಮೂರು ಮಾತಿನಲ್ಲಿ ಒಂದಾದರೂ ನಿಜವಿತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ. ಸುಳ್ಳಿಗೆ ಇಷ್ಟು ಕಡಿಮೆ ಶ್ರಮ ಸಾಕೆಂದು ಅವರಿಗೇ ಗೊತ್ತಿರಲಿಲ್ಲ. ವಿರೂಪಾಕ್ಷಪ್ಪನವರು ಪುಸ್ತಕವನ್ನು ಹುಡುಗಿಯ ಮುಂದೆ ಒಗೆದು, "ಅಳಿಸಿ ಸರಿಯಾಗಿ ತಗಿ," ಎಂದರು. ತಪಾಸಣೆಯ ಪುಸ್ತಕದಲ್ಲಿ 'ಚಟುವಟಿಕೆ ಚೆನ್ನಾಗಿ ನಡೆಯಿತು' ಎಂದು ಬರೆದರು. "ನಿಮ್ಮ ಅರ್ಜಿ ನನ್ನ ಲಕ್ಷ್ಯದಾಗ ಐತ್ರಿ," ಎಂದು ಮೆಲ್ಲಗೆ ಹೇಳಿ, ಕುರುಗೋಡಿನ ಶಾಲೆಗೆ ಹೊತ್ತಾಯಿತೆಂದು ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದರು.

ಊಟದ ಗಂಟೆ ಹೊಡೆಯಿತು. ಎಲ್ಲರೂ ಓಡಿದರು. ಉಚ್ಚೆಂಗೆಮ್ಮ ಮಾತ್ರ ಕೂತಲ್ಲೇ ಕೂತು ಪುಸ್ತಕದ ಮೇಲೆ ಬಗ್ಗಿದ್ದಳು. ತಿಪ್ಪೇರುದ್ರಪ್ಪನವರಿಗೆ ತಮ್ಮ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ, ನಾಚಿಕೆಯಾಗುತ್ತಿತ್ತು. ಉಳಿದಿದ್ದ ಈರುಳ್ಳಿಯನ್ನು ಕೊಯ್ದು ಹೊಸದಾಗಿ ಪೊರೆ ಬಿಡಿಸಿದರು. ಗಾಜಿನ ಮೇಲೆ ನೀರಿನ ಹನಿ ಬಿಟ್ಟು ಪೊರೆ ಹಾಸಿದರು, ಬಣ್ಣ ಹಾಕಿದರು, ತೆಳು ಗಾಜನ್ನು ಸೂಜಿಯ ಮೇಲೆ ಓರೆಯಾಗಿ ಆನಿಸಿ ಉಸಿರು ಬಿಗಿಹಿಡಿದು ಇಳಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ. ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ನೋಡಿದರೆ, ಸಾಲು ಸಾಲು ಕೋಣೆಗಳು, ಪ್ರತಿ ಕೋಣೆಯಲ್ಲೂ ಒಂದೊಂದು ಚುಕ್ಕೆ. ಒಂಬತ್ತು ವರ್ಷಗಳಲ್ಲಿ ಇಷ್ಟು ಸ್ವಚ್ಛವಾಗಿ ಅವರ ಕೈಯಿಂದ ಬಂದದ್ದಿಲ್ಲ.

"ಯವ್ವಾ, ಬಾ ಇಲ್ಲಿ," ಎಂದು ಕರೆದರು. "ತಪ್ಪು ನಿಂದಲ್ಲ, ನಂದು. ನೀ ತಗದದ್ದು ಖರೇನ ಇತ್ತು. ಈಗ ಬಂದು ನೋಡು, ಎಷ್ಟೊತ್ತು ಬೇಕಾದ್ರೂ ನೋಡು. ಯಾರೂ ನೂಕೂದಿಲ್ಲ."

ಉಚ್ಚೆಂಗೆಮ್ಮ ಏಳಲಿಲ್ಲ. ಪಕ್ಕದಲ್ಲಿ ತೆರೆದಿದ್ದ ಹಾಲಸಿದ್ದಪ್ಪನ ಪುಸ್ತಕವನ್ನು ಮುಚ್ಚಿ ಅವನ ಬೆಂಚಿನ ಮೇಲಿಟ್ಟಳು. ಉಜ್ಜಿ ಉಜ್ಜಿ ತೆಳ್ಳಗಾದ ತನ್ನ ಪುಟದ ಮೇಲಿನ ರಬ್ಬರ್ ಪುಡಿಯನ್ನು ಊದಿದಳು.

"ಚಿತ್ರ ಮುಗೀತ್ರಿ ಸಾರ್," ಎಂದಳು. "ಇನ್ನ ನೋಡೂದೇನೈತಿ?"