ಖಣದ ಮರೆಯ ಟೊಳ್ಳು

ಕೊಳೆತ ಬೇವಿನ ಕಟ್ಟಿಗೆಯ ವಾಸನೆ ಬಂದರೆ ಇಂದಿಗೂ ನನಗೆ ಸಿಟ್ಟೇ ಬರುತ್ತದೆ.

ಗುಳೇದಗುಡ್ಡದ ನಮ್ಮ ಅಂಗಳದ ಬೇವಿನ ಮರವನ್ನು ದೇವಿಯೆಂದು ಪೂಜಿಸಿ, ಅದರ ಬೊಡ್ಡೆಗೆ ಅಜ್ಜಿ ತನ್ನ ಮಗ್ಗದಲ್ಲಿ ನೇಯ್ದ ಕುಪ್ಪಸದ ಖಣ ಸುತ್ತುತ್ತಿದ್ದೆವು. ಹೊಸ ಕೋಣೆಗಾಗಿ ಕಾಕಾ ಪೂಜೆ ಮಾಡಿಸಿ ಮರ ಕಡಿಸಲು ನಿಂತ.

“ಮೊದಲ ಖಣ ಬಿಚ್ಚು. ಕೊಡ್ಲಿ ಹಿಂಬದಿಲೆ ಬಡದು ಸಪ್ಪಳ ಕೇಳು. ಒಳಗ ಟೊಳ್ಳ ಇದ್ದೀತು,” ಎಂದಳು ಅಜ್ಜಿ.

“ದೇವಿ ಮೈಮ್ಯಾಲಿನ ಬಟ್ಟಿ ಬಿಚ್ಚೂದೇನವ್ವ?” ಎಂದ ಕಾಕಾ.

ದೇವಿಯನ್ನು ಕಡಿಯಬಹುದಂತೆ, ಬಟ್ಟೆ ಬಿಚ್ಚಬಾರದಂತೆ.

ಗರಗಸ ಅರ್ಧ ಹೋಗುವುದರೊಳಗೆ ಬೊಡ್ಡೆ ಸೀಳಿ, ಮರ ಅಜ್ಜಿಯ ಮಗ್ಗದ ಕೋಣೆಯ ಮೇಲೆ ಬಿತ್ತು. ಖಣದ ಒಳಗಿಂದ ಕೊಳೆತ ಕಟ್ಟಿಗೆಯ ಕಪ್ಪು ಪುಡಿ ಸುರಿಯಿತು.

“ದೇವಿ ಸಿಟ್ಟಾಗ್ಯಾಳ,” ಎಂದ ಕಾಕಾ. “ಉಳಿದ ಬೊಡ್ಡಿಗೆ ಹೊಸಾ ಖಣ ನೇಯವ್ವ.”

ಅಜ್ಜಿ ಹೆಂಚಿನ ಚೂರುಗಳ ನಡುವಿನಿಂದ ಮುರಿದ ಮಗ್ಗದ ಲಾಳಿ ಎತ್ತಿ ಅವನ ಕೈಗಿಟ್ಟಳು.

“ಯಾವ ಮಗ್ಗದಾಗ ನೇಯಲಿ, ಹೇಳು.”